ಲಕೋಟೆಯಲ್ಲಿದ್ದ ಎಕ್ಸ್‌ರೇ

ವಸಡಿನ ರೋಗ ಹಳೆಯದು, ಅದರ ಹೆಸರು ಮಾತ್ರ ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಎಳೆಯರಿಗೆ ಬಂದರೆ ಮೊದಲು ‘ಹರೆಯದ ರೋಗ’ ಎನ್ನುತ್ತಿದ್ದರು. ನಾನು ಓದುವ ಹೊತ್ತಿಗೆ ಅದು ‘ಆಕ್ರಮಣಕಾರಿ’ ಆಗಿತ್ತು. 2018ರಲ್ಲಿ ಆ ಹೆಸರೂ ಹೋಯಿತು. ಈಗ ಹಲ್ಲು ಹಿಡಿದಿರುವ ಎಲುಬು ಎಷ್ಟು ಸವೆದಿದೆ ಎಂಬುದಕ್ಕೆ ಹಂತ, ಎಷ್ಟು ಬೇಗ ಸವೆಯುತ್ತಿದೆ ಎಂಬುದಕ್ಕೆ ದರ್ಜೆ. ದೊಡ್ಡವರು ಎಲ್ಲೋ ಸಭೆ ಸೇರಿ ಬದಲಿಸುತ್ತಾರೆ, ಬಳ್ಳಾರಿಯಲ್ಲಿ ಕೂತು ಬಾಯಿಪಾಠ ಮಾಡುವ ಕರ್ಮ ನಮ್ಮದು.

ಸಿರುಗುಪ್ಪದ ಗುಲ್ಜಾರಬೀ ಸತ್ಯನಾರಾಯಣಪೇಟೆಯ ನನ್ನ ಕ್ಲಿನಿಕ್ಕಿಗೆ ಬಂದಾಗ ಆಕೆಗೆ ನಲವತ್ತು. ಹಲ್ಲು ಅಲ್ಲಾಡುತ್ತಿದ್ದವು. ಎಕ್ಸ್‌ರೇ ತೆಗೆದರೆ ಬೇರಿನ ಸುತ್ತ ಅರ್ಧ ಎಲುಬೇ ಇಲ್ಲ. ವಯಸ್ಸಿನ ಮೇಲೆ ಅಂದಾಜು ಹಾಕಿದರೆ ಕೊನೆಯ ದರ್ಜೆ, ಅಂದರೆ ಎಲ್ಲಕ್ಕಿಂತ ಬೇಗ ಸವೆಯುವಂಥದು. ಆಕೆಯ ಅಕ್ಕ ಸಾಜಿಯಾಗೂ ಇದೇ ಕಾಯಿಲೆ. ಒಂಬತ್ತು ವರ್ಷದ ಹಿಂದೆ ಅವಳ ಹಲ್ಲನ್ನೆಲ್ಲ ಕಿತ್ತು ಕೃತಕ ಹಲ್ಲಿನ ಸೆಟ್ ಕೊಟ್ಟವಳು ನಾನೇ.

“ತೆಗಿಸಿಬಿಡೋದು ಛಲೋರಿ,” ಎಂದೆ.

“ಅಕ್ಕಗ ಆ ಸೆಟ್ ಕುಂದ್ರವಲ್ದು ಡಾಕ್ಟರಮ್ಮಾ. ರೊಟ್ಟಿ ಹಾಲಾಗ ನೆನಿಸಿ ತಿಂತಾಳ. ನನಗ ಹಂಗ ಮಾಡಬ್ಯಾಡ್ರಿ.”

ನನಗೆ ರೇಗಿತು, ನನ್ನ ಮೇಲೋ ಅವಳ ಮೇಲೋ ತಿಳಿಯಲಿಲ್ಲ. “ಹಳೇ ಎಕ್ಸ್‌ರೇ ಏನರ ಅದಾವೇನು?” ಎಂದು ಕೇಳಿದೆ. ಹೊಸ ಪದ್ಧತಿಯಲ್ಲಿ ಹಳೆಯ ಫಿಲಂ ಸಿಕ್ಕರೆ ಅಂದಾಜು ಬೇಕಿಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ಅಳೆದರಾಯಿತು.

ಮರುವಾರ ಹಳದಿ ಲಕೋಟೆ ತಂದಳು. ಹದಿನೆಂಟು ವರ್ಷದ ಹಿಂದಿನ ಫಿಲಂ. ಬೆಳಕಿಗೆ ಹಿಡಿದು ಎರಡು ಸಲ ಅಳೆದೆ. ಎಲುಬು ಅಂದು ಎಲ್ಲಿತ್ತೋ ಇಂದೂ ಅಲ್ಲೇ ಇತ್ತು. ರೋಗ ಯಾವತ್ತೋ ತಾನಾಗಿಯೇ ನಿಂತುಬಿಟ್ಟಿತ್ತು.

“ಕೀಳೋದು ಬ್ಯಾಡ. ಕ್ಲೀನ್ ಮಾಡಿ, ತಂತಿ ಹಾಕಿ ಬಿಗಿ ಮಾಡೋಣು,” ಎಂದೆ. ಅವಳ ಕಣ್ಣು ತುಂಬಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಲಕೋಟೆ ಮಡಚುವಾಗ ಒಳಗೆ ಇನ್ನೊಂದು ಫಿಲಂ ಸಿಕ್ಕಿತು.

“ಅದು ಅಕ್ಕಂದು. ಇಬ್ರದೂ ಒಂದ ದಿನ ತೆಗಿಸಿದ್ದು. ಅವಾಗ ನೀವು ಕೇಳಲಿಲ್ಲ.”

ಕೇಳಿರಲಿಲ್ಲ, ನಿಜ. ‘ಆಕ್ರಮಣಕಾರಿ’ ಎಂಬ ಹೆಸರೇ ನನಗೆ ಸಾಕಾಗಿತ್ತು. ಕೀಳುವ ಮುಂಚೆ ತೆಗೆದಿದ್ದ ಸಾಜಿಯಾಳ ಎಕ್ಸ್‌ರೇ ಕಪಾಟಿನಲ್ಲಿತ್ತು. ತಂದು ಅದರ ಪಕ್ಕಕ್ಕೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಆಕೀದೂ ನಿಂತಿತ್ತೇನ್ರಿ?”

“ಹೌದು. ಕೀಳಬಾರದಿತ್ತು.”

ಗುಲ್ಜಾರಬೀ ತನ್ನ ಫಿಲಂ ಲಕೋಟೆಗೆ ಹಾಕಿಕೊಂಡಳು. ಅಕ್ಕನದನ್ನು ನನ್ನ ಮೇಜಿನ ಮೇಲೆ ಬಿಟ್ಟಳು.

“ಇದು ನಿಮ್ಮ ಹಂತ್ಯಾಕ ಇರ್ಲಿ. ಅಕ್ಕಗ ಹೇಳಬ್ಯಾಡ್ರಿ.”