ದಾರ ಕಟ್ಟದ ಗಂಟು

ಹಾಸಿಗೆ ಬಟ್ಟೆ ಕೊಡವುತ್ತಿದ್ದ ದೊಡ್ಡಕ್ಕನ ಹೆಬ್ಬೆರಳಿಗೆ ಚುರುಕ್ಕೆಂದಿತು. ಮಡಿಕೆಯಲ್ಲಿ ಯಾರೋ ಮರೆತ ಸೂಜಿ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಅವಳೇ ಯಜಮಾನಿ. 'ಆ ಕಾಯಿಲೆ'ಯವರ ಬಟ್ಟೆ ಗಂಟಿಗೆ ಕೆಂಪು ದಾರ ಕಟ್ಟಿ, ಕೋಲಿನಿಂದಲೇ ಎತ್ತಿ ಮಷೀನಿಗೆ ಹಾಕುವ ಪದ್ಧತಿ ಅವಳದೇ. ಅದೆಲ್ಲ ಬೇಡವೆಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಇವತ್ತಿನ ಗಂಟಿಗೆ ದಾರವಿರಲಿಲ್ಲ, ಧೈರ್ಯವಾಗಿ ಬರಿಗೈ ಹಾಕಿದ್ದಳು.

"ಸೂಜಿ ಚುಚ್ಚಿದ್ರೆ ಮೊದಲು ನಿಮ್ಮ ರಕ್ತ ನೋಡ್ಬೇಕು," ಎಂದಳು ನರ್ಸು.

"ನೋಡ್ಕೋ ತಾಯಿ. ಸೋಪಿನ ನೊರೆ ಬಿಟ್ರೆ ಇನ್ನೇನೂ ಸಿಗಲ್ಲ."

ಮಧ್ಯಾಹ್ನ ಡಾಕ್ಟರು ಕರೆಸಿ, ಬಾಗಿಲು ಮುಚ್ಚಿದರು. "ಮೂರು ಥರ ಪರೀಕ್ಷೆ ಮಾಡಿದ್ವಿ ಅಕ್ಕ. ನಿಮಗೆ ಎಚ್‌ಐವಿ ಇದೆ."

ದೊಡ್ಡಕ್ಕ ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. "ಆ ಹಾಳು ಸೂಜಿ..."

"ಬೆಳಿಗ್ಗೆ ಚುಚ್ಚಿದ್ದು ಮಧ್ಯಾಹ್ನಕ್ಕೆ ಕಾಣಲ್ಲ. ಅದಕ್ಕೆ ವಾರಗಳೇ ಬೇಕು. ಇದು ಹಳೇದು."

"ನಾನು ಅಂಥವಳಲ್ಲ ಡಾಕ್ಟ್ರೆ."

"ಅಂಥವರು ಅಂತ ಯಾರೂ ಇಲ್ಲ. ನೀವು ಕೂತಿರೋ ಕುರ್ಚೀಲಿ ಟೀಚರು ಕೂತಿದ್ದಾರೆ, ಮೊಮ್ಮಕ್ಕಳನ್ನ ಕಂಡ ಅಜ್ಜಿ ಕೂತಿದ್ದಾರೆ. ಎಷ್ಟೋ ಜನ ಗಂಡನ್ನ ಬಿಟ್ಟು ಇನ್ನೊಬ್ಬರ ಮುಖ ನೋಡದೋರು. ದಿನಾ ಮಾತ್ರೆ ತಗೊಂಡ್ರೆ ಎಲ್ಲರ ಹಾಗೇ ಬದುಕ್ತೀರ. ನಿಮ್ಮ ಮನೆಯವರೂ ಬರಲಿ, ಅವರ ರಕ್ತಾನೂ ನೋಡ್ಬೇಕು."

ಮಾತ್ರೆಯ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಗಂಡ ಸ್ಕೂಲ್ ವ್ಯಾನ್ ಓಡಿಸುವವನು. ಒಂದು ದಿನವೂ ಕುಡಿದವನಲ್ಲ, ಏರುದನಿಯಲ್ಲಿ ಮಾತಾಡಿದವನಲ್ಲ. ಅಕ್ಕಪಕ್ಕದ ಹೆಂಗಸರು ತಮ್ಮ ಗಂಡಂದಿರಿಗೆ ಬುದ್ಧಿ ಹೇಳುವಾಗ ಅವನನ್ನೇ ತೋರಿಸುತ್ತಿದ್ದರು. ಅವನ ಮೇಲೆ ಅನುಮಾನಪಟ್ಟರೆ ತನ್ನ ನಾಲಗೆ ಬಿದ್ದುಹೋಗಲಿ ಎಂದುಕೊಂಡಳು. ಲ್ಯಾಬಿನವರೇ ಬೇರೆ ಯಾರದೋ ರಕ್ತಕ್ಕೆ ತನ್ನ ಹೆಸರು ಅಂಟಿಸಿರಬೇಕು. ಅವನು ಬರಲಿ, ಇವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಆಸ್ಪತ್ರೆಗೆ ಬರಬೇಕಂತೆ ಎಂಬ ಸುದ್ದಿ ಮುಟ್ಟಿದ್ದೇ ತಡ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳ ಬಳಿಗೆ ಅವನು ಏದುಸಿರು ಬಿಡುತ್ತ ಬಂದ. "ಏನಾಯ್ತೇ? ಬಿದ್ಯಾ?"

"ಸೂಜಿ ಚುಚ್ಚಿತು. ಎಚ್‌ಐವಿ ಇದೆಯಾ ಅಂತ ನನ್ನ ರಕ್ತ ನೋಡಿದ್ರು."

ಏನು ಬಂತು ಎಂದು ಕೇಳುತ್ತಾನೆಂದು ಕಾದಳು. ಅವನ ಮುಖದ ಬಣ್ಣವೇ ಇಳಿಯಿತು. ಅವಳ ಪಕ್ಕ ಜಾಗವಿದ್ದರೂ ಬೆಂಚಿನ ಆ ತುದಿಯಲ್ಲಿ ಕುಳಿತ. ತಲೆಯೆತ್ತದೆ ಕೇಳಿದ:

"ಊಟ ಮಾಡಿದ್ಯಾ?"