ಮೂರನೇ ಕುರ್ಚಿಯ ಪಾದಗಳು

ನಾನು ಒಂದು ಹಿತ್ತಾಳೆ ಬೋಗುಣಿ. ಕಂಚುಗಾರನ ಸುತ್ತಿಗೆಯ ಏಟು ತಿಂದೇ ಹುಟ್ಟಿದೆ. ಆ ಗುರುತುಗಳು ಈಗಲೂ ನನ್ನ ಹೊಟ್ಟೆಯ ಮೇಲಿವೆ. ಲೂರ್ದಮ್ಮನ ಮದುವೆಗೆ ಅವಳ ತಾಯಿ ನನ್ನನ್ನು ಉಡುಗೊರೆಯಾಗಿ ಕೊಟ್ಟಳು. ಹಾಗೆ ನಾನು ಅವಳ ಗಂಡ, ಗಾರೆ ಕೆಲಸದ ಚೌರಪ್ಪನ ಮನೆ ಸೇರಿದೆ. ನನ್ನಲ್ಲಿ ಅಕ್ಕಿ ತೊಳೆದರು, ಸೊಪ್ಪು ತೊಳೆದರು, ಮೀನು ತೊಳೆದರು. ನನ್ನನ್ನು ಕೇಳಿ ಯಾರೂ ಏನೂ ಮಾಡಲಿಲ್ಲ.

ನಮ್ಮೂರ ಚರ್ಚಿನಲ್ಲಿ ಪವಿತ್ರ ಗುರುವಾರದ ಸಂಜೆ ಹನ್ನೆರಡು ಜನರನ್ನು ಕುರ್ಚಿಗಳಲ್ಲಿ ಕೂರಿಸಿ ಫಾದರ್ ಅವರ ಪಾದ ತೊಳೆಯುತ್ತಾರೆ. ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದದ್ದರ ನೆನಪಿಗೆ. ಒಂದು ವರ್ಷ ಚರ್ಚಿನ ಬೋಗುಣಿ ತೂತುಬಿತ್ತು. ಅಲ್ಲಿ ಕಸ ಗುಡಿಸುತ್ತಿದ್ದ ಲೂರ್ದಮ್ಮ ನನಗೆ ಹುಣಸೆಹಣ್ಣು ತಿಕ್ಕಿ ತಂದುಕೊಟ್ಟಳು. ಅಂದಿನಿಂದ ವರ್ಷಕ್ಕೊಂದು ದಿನ ನನಗೆ ಪೀಠದ ಮುಂದೆ ಕೆಲಸ, ಉಳಿದ ದಿನ ಅಡುಗೆಮನೆಯಲ್ಲಿ.

ಆ ಹನ್ನೆರಡು ಜನರ ಸಂಗತಿ ಹೇಳಿದರೆ ನಗು ಬರುತ್ತದೆ. ಎಲ್ಲರೂ ಮನೆಯಲ್ಲೇ ಕಾಲು ತೊಳೆದುಕೊಂಡು ಬರುತ್ತಿದ್ದರು! ಸೋಪು ಹಚ್ಚಿ, ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ, ಉಗುರು ಕತ್ತರಿಸಿ. ಇನ್ನಾಸಪ್ಪ ಎನ್ನುವವನಂತೂ, ಒಂದು ವರ್ಷ ಯಾರೋ ಬಾರದೆ ಅವನಿಗೆ ಕುರ್ಚಿ ಸಿಕ್ಕಾಗ, ಪಾದಕ್ಕೆ ಪೌಡರನ್ನೂ ಹಾಕಿಕೊಂಡು ಬಂದಿದ್ದ. ಫಾದರ್ ನೀರು ಸುರಿದರೆ ನನ್ನೊಳಗೆ ತಿಳಿನೀರೇ ಬೀಳುತ್ತಿತ್ತು. ಅದರಲ್ಲಿ ಇನ್ನೊಮ್ಮೆ ಸೊಪ್ಪು ತೊಳೆಯಬಹುದಿತ್ತು.

ಮೂರನೇ ಕುರ್ಚಿ ಚೌರಪ್ಪನದು. ಮೊದಲು ಅವನ ಅಪ್ಪ ಕೂರುತ್ತಿದ್ದ, ಆಮೇಲೆ ಇವನು. ಅದನ್ನು ಊರೇ ಒಪ್ಪಿತ್ತು.

ಆಮೇಲೆ ಚೌರಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಬಲಗಾಲಿನ ಹೆಬ್ಬೆರಳು ಕತ್ತರಿಸಿದರು. ಗಾಯ ಮಾಯಲಿಲ್ಲ. ದಿನಾ ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದು ಲೂರ್ದಮ್ಮ ಅವನ ಕಾಲಡಿ ನನ್ನನ್ನಿಡುತ್ತಿದ್ದಳು. ಕಾಲು ಜೋಮು ಹಿಡಿದಿದ್ದರಿಂದ ಅವನಿಗೆ ಬಿಸಿ ತಿಳಿಯುತ್ತಿರಲಿಲ್ಲ. ಅವಳೇ ಮೊಣಕೈ ಅದ್ದಿ ನೀರಿನ ಹದ ನೋಡುತ್ತಿದ್ದಳು. ಅವನು ಕೈಬೆರಳದ್ದಿ ಗೊಣಗುತ್ತಿದ್ದ: "ಬಿಸೀನೇ ಇಲ್ವಲ್ಲೇ!"

"ನಿಮ್ಮ ಹದ ಹುಡುಕೋದ್ರಲ್ಲೇ ನನ್ನ ಆಯಸ್ಸು ಮುಗೀತದೆ ಕಣ್ರೀ," ಎನ್ನುತ್ತ ಅವಳು ಕಟ್ಟು ಬಿಚ್ಚುತ್ತಿದ್ದಳು.

ಆ ವರ್ಷದ ಗುರುವಾರ ಹತ್ತಿರ ಬಂತು. ಫಾದರ್ ಮನೆಗೇ ಬಂದು ಕರೆದರು. ಅವರು ಹೋದ ಮೇಲೆ ಚೌರಪ್ಪ ಸಿಡುಕಿದ. "ಬೆರಳಿಲ್ಲದ ಕಾಲು ಇಟ್ಕೊಂಡು ಊರ ಮುಂದೆ ಕೂರ್ಲಾ? ನಾನು ಹೋಗಲ್ಲ." ಈ ಸಲ ಬಿಟ್ಟರೆ ಕುರ್ಚಿ ಕೈತಪ್ಪುತ್ತದೆ ಎಂದು ಅವನಿಗೂ ಗೊತ್ತಿತ್ತು. ಇನ್ನಾಸಪ್ಪ ಅದರ ಮೇಲೆ ಕಣ್ಣಿಟ್ಟು ಹತ್ತು ವರ್ಷವಾಗಿತ್ತು.

ಗುರುವಾರ ಸಂಜೆ ಲೂರ್ದಮ್ಮ ಅವನ ಗಾಯ ತೊಳೆದು ಕಟ್ಟಿ, ನನಗೆ ಮೂರು ಸಲ ಹುಣಸೆಹಣ್ಣು ತಿಕ್ಕಿದಳು. ಆಮೇಲೆ ಅವಸರದಲ್ಲಿ ಹಸು ಕರೆದು ಬಂದಳು. ಮೊದಲ ಗಂಟೆ ಹೊಡೆಯಿತು.

"ಲೇ, ಆ ಕುರ್ಚೀಲಿ ನೀನೇ ಕೂತ್ಕೋ," ಎಂದ ಚೌರಪ್ಪ.

"ನಾನಾ? ಹೆಂಗಸ್ರು ಕೂರ್ತಾರಾ?"

"ಈಗ ಕೂರಬಹುದಂತೆ, ಫಾದರೇ ಹೇಳಿದ್ರು. ಆ ಇನ್ನಾಸಪ್ಪ ಕೂರೋದಕ್ಕಿಂತ ನೀನು ಕೂತ್ರೆ ವಾಸಿ."

"ಅಯ್ಯೋ, ನನ್ನ ಕಾಲು ನೋಡ್ರಿ! ಈಗ ಕೊಟ್ಟಿಗೆಯಿಂದ ಬಂದಿದ್ದೀನಿ."

ಎರಡನೇ ಗಂಟೆಯೂ ಹೊಡೆಯಿತು. ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಓಡಿದಳು.

ಮೂರನೇ ಕುರ್ಚಿಯಲ್ಲಿ ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು. ಫಾದರ್ ಮಂಡಿಯೂರಿ ಕಾಲು ಕೊಡಿ ಎಂದು ಎರಡು ಸಲ ಕೇಳಬೇಕಾಯಿತು. ನೀರು ಸುರಿದರು. ಸಗಣಿ, ಹುಲ್ಲಿನ ಚೂರು, ಒಡೆದ ಹಿಮ್ಮಡಿಯ ಕಪ್ಪು, ಎಲ್ಲ ನನ್ನೊಳಗೆ ಇಳಿಯಿತು. ನೀರು ರಾಡಿಯಾಯಿತು. ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಪೀಠದ ಮುಂದೆ ಕೊಳೆ ಕಂಡದ್ದು ಅದೇ ಮೊದಲು. ಇಷ್ಟು ವರ್ಷ ನನಗೆ ಅವಳ ಕೈ ಮಾತ್ರ ಗೊತ್ತಿತ್ತು. ಆ ಕಾಲುಗಳನ್ನು ನೋಡಿ ನನಗೆ ಸಂಕಟವಾಯಿತು.

"ಇನ್ನೊಂದು ಚೊಂಬು ನೀರು ತನ್ನಿ," ಎಂದರು ಫಾದರ್.

"ಸಾಕು ಸ್ವಾಮಿ, ಸಾಕು," ಎಂದು ಅವಳು ಅತ್ತಳು. ಅವರು ಬಿಡಲಿಲ್ಲ.

ಮನೆಗೆ ಬಂದಾಗ ಚೌರಪ್ಪ ಕೇಳಿದ್ದು ಒಂದೇ ಮಾತು. "ನೀರು ಬಿಸಿ ಇತ್ತಾ?"

"ಎಲ್ಲಿ ಬಿಸಿ? ತಣ್ಣಗಿತ್ತು."



ಮರುದಿನ ಶುಭ ಶುಕ್ರವಾರ. ಸಂಜೆ ಅವಳು ಡೇರಿಯಿಂದ ಬಂದಾಗ ಒಲೆಯ ಮೇಲೆ ನೀರು ಕಾದಿತ್ತು. ಚೌರಪ್ಪ ಕಟ್ಟು ಕಟ್ಟಿದ ಕಾಲನ್ನು ಚಾಚಿ ನೆಲದ ಮೇಲೆ ಕೂತಿದ್ದ. ನಾನು ಅವನ ಮುಂದೆ ಇದ್ದೆ.

"ಕಾಲು ಕೊಡು."

"ನಿಮಗೇನು ಹುಚ್ಚಾ?"

ಅವನು ನನ್ನೊಳಗೆ ನೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದ.

ಅವರಿಬ್ಬರೂ ಈಗಿಲ್ಲ. ನನ್ನ ತಳ ಸೀಳಿಹೋಗಿದೆ. ಸೀಬೆಮರದ ಕೆಳಗೆ ಬಿದ್ದಿದ್ದೇನೆ, ಅವರ ಸೊಸೆ ನನ್ನಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಾಳೆ. ಚರ್ಚಿಗೆ ಹೊಸ ಸ್ಟೀಲ್ ಬೋಗುಣಿ ಬಂದಿದೆ. ಹನ್ನೆರಡು ಜನ ಈಗಲೂ ಮನೆಯಲ್ಲೇ ಕಾಲು ತೊಳೆದುಕೊಂಡು ಹೋಗುತ್ತಾರಂತೆ. ಹೋಗಲಿ ಬಿಡಿ. ನನ್ನ ಹತ್ತಿರ ಕೋಳಿಗಳು ಹಾಗೇ ಬರುತ್ತವೆ, ಇದ್ದ ಕಾಲಿನಲ್ಲೇ.