ಹೆಸರಿಲ್ಲದ ವರದಿ

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಫೋನಿಗೆ ಆಸ್ಪತ್ರೆಯಿಂದ ಒಂದೇ ಸಂದೇಶ ಹೋಯಿತು: ‘ನಿಮ್ಮ ಇಂದಿನ ಅಪಾಯಿಂಟ್‌ಮೆಂಟ್ ರದ್ದಾಗಿದೆ.’ ರದ್ದಾಗಿರಲಿಲ್ಲ. ಡಾಕ್ಟರುಗಳು ಬಂದು ಕೂತಿದ್ದರು, ಡಯಾಲಿಸಿಸ್ ಯಂತ್ರಗಳು ಸಿದ್ಧವಾಗಿದ್ದವು, ರೋಗಿಗಳು ಮಾತ್ರ ಮನೆಯಲ್ಲೇ ಉಳಿದರು. ಹತ್ತರ ಹೊತ್ತಿಗೆ ಎಲ್ಲ ಸರಿಹೋಯಿತು. ಯಾರೂ ಸಾಯಲಿಲ್ಲ. ಇಬ್ಬರನ್ನು ಸಂಜೆ ಆಂಬುಲೆನ್ಸಿನಲ್ಲಿ ತಂದರಂತೆ.

ಆ ಸಂದೇಶ ಕಳಿಸುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ಒಂಬತ್ತು ಜನ. ತಪ್ಪು ಬರೆದವರು ಮೇಷ್ಟ್ರು. ಐವತ್ತನಾಲ್ಕು ವರ್ಷ, ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ತಡವಾಗಿ ಈ ಕೆಲಸಕ್ಕೆ ಬಂದವರು, ಆರಾರು ತಿಂಗಳಿಗೊಮ್ಮೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಉಳಿದಿದ್ದ ಗುತ್ತಿಗೆಯವರು. ಪರೀಕ್ಷೆ ಮಾಡಲೆಂದು ಅವರು ಎಲ್ಲ ಅಪಾಯಿಂಟ್‌ಮೆಂಟನ್ನೂ ರದ್ದೆಂದು ತೋರಿಸುವ ಒಂದು ಸಾಲು ಸೇರಿಸಿದ್ದರು. ಅದರ ಮೇಲೆಯೇ ‘ಪರೀಕ್ಷೆಗೆ ಮಾತ್ರ, ಕಳಿಸುವ ಮುನ್ನ ತೆಗೆಯಬೇಕು’ ಎಂದೂ ಬರೆದಿದ್ದರು. ತೆಗೆಯುವುದನ್ನು ಮರೆತರು.

ಅದನ್ನು ಓದಿ ಒಪ್ಪಿದವಳು ಅಕ್ಕ.

ತಂಡದಲ್ಲಿ ಅವಳೇ ಹಳಬಳು, ಅದಕ್ಕೇ ಎಲ್ಲರಿಗೂ ಅಕ್ಕ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಟಿಕ್ ಹಾಕದೆ ಏನೂ ಹೊರಗೆ ಹೋಗಬಾರದೆಂಬುದು ಮೊದಲಿನಿಂದ ಇದ್ದ ನಿಯಮ. ಒಳ್ಳೆಯ ನಿಯಮವೇ. ಆಮೇಲೆ ಮ್ಯಾನೇಜರ್ ಬಂದ. ಅವನಿಗೆ ಗೋಡೆಯ ಪರದೆಯ ಮೇಲೆ ಮುಗಿದ ಕೆಲಸದ ಗೆರೆ ಮೇಲೇರುತ್ತಿರಬೇಕು; ಇಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ. ಹಿಂದಿನಿಂದ ಎಲ್ಲರೂ ಗ್ರಾಫಪ್ಪ ಎನ್ನುತ್ತಿದ್ದರು, ಎದುರಿಗೆ ಸರ್. ಒಂದು ಗಂಟೆಯೊಳಗೆ ಟಿಕ್ ಬೀಳದ ಕೆಲಸ ಪರದೆಯ ಮೇಲೆ ಕೆಂಪಾಗುವಂತೆ ಅವನು ಮಾಡಿಸಿದ. ಕೋಡ್ ಬರೆಯುವುದು ಕಲಿತರೆ ಯಾರಿಗಾದರೂ ಬರುತ್ತದೆ. ಇನ್ನೊಬ್ಬರದನ್ನು ಓದಲು ತಾಳ್ಮೆ ಬೇಕು, ತಾಳ್ಮೆಗೆ ಹೊತ್ತು ಬೇಕು. ಹೊತ್ತೆಲ್ಲ ಈಗ ಗೋಡೆಯ ಪಾಲಾಗಿತ್ತು. ಹಾಗಾಗಿ ತಂಡದಲ್ಲಿ ಟಿಕ್ಕಿಗೆ ಟಿಕ್ಕು ಎಂಬ ಮುಯ್ಯಿ ಶುರುವಾಯಿತು. ನೀನು ನನ್ನದಕ್ಕೆ ಹಾಕು, ನಾನು ನಿನ್ನದಕ್ಕೆ ಹಾಕುತ್ತೇನೆ. ಓದಿದಿರಾ ಎಂದು ಕೇಳುವುದು ಅವಮಾನ ಮಾಡಿದಂತೆ.

ಮಂಗಳವಾರ ಸಂಜೆ ಐದೂ ನಲವತ್ತೆರಡಕ್ಕೆ ಅಕ್ಕ ಮಗಳ ಶಿಶುವಿಹಾರದ ಗೇಟಿನ ಮುಂದೆ ನಿಂತಿದ್ದಳು. ಒಳಗೆ ಉಳಿದಿದ್ದುದು ಮಗಳೊಬ್ಬಳೇ. ಆಯಾ ಬೀಗದ ಕೈ ಹಿಡಿದು ಬಾಗಿಲಲ್ಲೇ ಇದ್ದಳು. ಫೋನು ಕುಂಯ್ ಎಂದಿತು: ಮೇಷ್ಟ್ರ ಕೆಲಸ ಇನ್ನೆಂಟು ನಿಮಿಷಕ್ಕೆ ಕೆಂಪಾಗಲಿದೆ. ಅವಳು ತೆರೆದಳು, ಬೆರಳಿನಿಂದ ಎಳೆದಳು, ಟಿಕ್ ಒತ್ತಿದಳು. ಮುನ್ನೂರ ನಲವತ್ತು ಸಾಲು, ನಲವತ್ತು ಸೆಕೆಂಡು. ಯಂತ್ರ ಅದನ್ನು ಬರೆದಿಟ್ಟುಕೊಂಡಿತ್ತು. ಹುಡುಕಿದರೆ ಸಿಗುತ್ತಿತ್ತು, ಹುಡುಕುವವರಿರಲಿಲ್ಲ.

ಗುರುವಾರ ಗ್ರಾಫಪ್ಪ ಅವಳನ್ನು ಗಾಜಿನ ಕೋಣೆಗೆ ಕರೆದ. ಅದರ ಗೋಡೆಗೆ ‘ಇಲ್ಲಿ ತಪ್ಪಿತಸ್ಥರನ್ನು ಹುಡುಕುವುದಿಲ್ಲ, ಪಾಠ ಹುಡುಕುತ್ತೇವೆ’ ಎಂಬ ಫಲಕವಿತ್ತು. ಅಲ್ಲಿನ ಪದ್ಧತಿಯೇ ಹಾಗೆ. ಏನಾದರೂ ಕೆಟ್ಟರೆ ಬರೆಯುವ ವರದಿಯಲ್ಲಿ ಯಾರ ಹೆಸರೂ ಇರಬಾರದು: ‘ಬರೆದವರು’, ‘ಓದಿದವರು’, ಅಷ್ಟೇ. ಆ ವರದಿ ಮೇಲಿನ ಮಹಡಿಗೆ ಹೋದಾಗ ದೊಡ್ಡ ಮೇಡಂ ಕನ್ನಡಕ ತೆಗೆದು ಮೊದಲು ಕೇಳುವ ಪ್ರಶ್ನೆ, ‘ಯಾರದು?’

“ವರದಿ ನೀವೇ ಬರೀರಿ ಅಕ್ಕಾ,” ಅಂದ ಗ್ರಾಫಪ್ಪ. “ಓದಿದವರು ಆ ಸಾಲು ತೆಗೀರಿ ಅಂತ ಬಾಯಲ್ಲಿ ಹೇಳಿದ್ರು, ಬರೆದವರು ಮರೆತ್ರು. ಅಷ್ಟು ಸಾಕು.”

“ನಾನು ಹೇಳಿಲ್ಲ ಸರ್.”

“ಹೇಳಿರ್ತೀರಿ, ನೆನಪಿರಲ್ಲ.”

“ಓದೇ ಇಲ್ಲ ಸರ್ ನಾನು.”

ಅವನು ಎದ್ದು ಬಾಗಿಲು ಭದ್ರವಾಗಿದೆಯೇ ನೋಡಿ ಬಂದು ಕೂತ. “ಅದನ್ನ ಇನ್ನೊಂದು ಸಲ ಹೇಳ್ಬೇಡಿ. ತಂಡದ ಲೀಡ್ ಹುದ್ದೆಗೆ ನಿಮ್ಮ ಹೆಸರು ಕಳಿಸಿದೀನಿ. ಲೀಡ್ ಆದವರಿಗೆ ಫೋನ್ ಪಾಳಿ ಇಲ್ಲ, ಗೊತ್ತಲ್ಲ? ಸಂಜೆ ಐದಕ್ಕೆ ಮನೆ. ಮಗು ಚಿಕ್ಕದು ನಿಮ್ಮದು.”

ರಾತ್ರಿ ಏನಾದರೂ ಕೆಟ್ಟರೆ ಎಬ್ಬಿಸುವ ಆ ಪಾಳಿಯ ಫೋನು ಮೂರು ವಾರಕ್ಕೊಮ್ಮೆ ಅವಳ ದಿಂಬಿನ ಪಕ್ಕದಲ್ಲಿ ಮಲಗುತ್ತಿತ್ತು. ಅದು ಹೊಡೆದುಕೊಂಡಾಗಲೆಲ್ಲ ಮಗಳು ಎದ್ದು, “ಅಮ್ಮ, ಆಸ್ಪತ್ರೆ ಅಳ್ತಾ ಇದೆ” ಅನ್ನುತ್ತಿದ್ದಳು.

ಆದರೂ ಅವಳು ನಿಜವನ್ನೇ ಬರೆದಳು. ಓದಿದವರು ಓದಲಿಲ್ಲ. ನಲವತ್ತು ಸೆಕೆಂಡು. ಒಂದು ಗಂಟೆಯ ನಿಯಮ ಬಂದಮೇಲೆ ತಂಡದಲ್ಲಿ ಯಾರೂ ಸರಿಯಾಗಿ ಓದುತ್ತಿಲ್ಲ. ಕಳಿಸಿ ಬಂದು ಕೂತಾಗ ಎದೆ ಹಗುರವಾಗಿತ್ತು.

ಅರ್ಧ ಗಂಟೆಯಲ್ಲಿ ವರದಿ ಹಿಂದೆ ಬಂತು. ಜೊತೆಗೆ ಇನ್ನೊಂದು ಕಾಗದ, ಮೇಷ್ಟ್ರ ಸಹಿಯದು: ‘ಓದಿದವರು ಆ ಸಾಲು ತೆಗೆಯಲು ನನಗೆ ಹೇಳಿದ್ದರು. ಮರೆತದ್ದು ನಾನೇ.’ ಕೆಳಗೆ ಗ್ರಾಫಪ್ಪನ ಒಂದು ಸಾಲು: ‘ಅವರೇ ಒಪ್ಪಿರುವಾಗ ನೀವ್ಯಾಕೆ ಗೊಂದಲ ಮಾಡ್ತೀರಿ?’

ಮೇಷ್ಟ್ರು ನೀರಿನ ಯಂತ್ರದ ಹತ್ತಿರ ಬಾಟಲಿ ತುಂಬಿಸಿಕೊಳ್ಳುತ್ತಿದ್ದರು.

“ಏನಿದು ಮೇಷ್ಟ್ರೇ? ನಾನ್ಯಾವಾಗ ಹೇಳ್ದೆ ನಿಮಗೆ?”

“ಮೆಲ್ಲಗೆ ಮಾತಾಡಮ್ಮ. ಇಲ್ಲಾಂದ್ರೆ ಅಕ್ಕನ್ನೂ ಕೆಲಸದಿಂದ ಕಳಿಸ್ಬೇಕಾಗತ್ತೆ ಅಂದ ಅವನು. ನನ್ನ ಕಾಗದ ಹೇಗೂ ತಿಂಗಳ ಕೊನೆಗೆ ಮುಗಿಯತ್ತೆ. ಬೀಳೋ ಮರಕ್ಕೆ ಇನ್ನೊಂದು ಕೊಡಲಿ ಏಟು, ಏನಾಗತ್ತೆ?”

“ನಂಗೆ ಲೀಡ್ ಕೊಡ್ತೀನಿ ಅಂದಿದಾನೆ. ಕಳಿಸೋ ಮಾತೇ ಇರಲಿಲ್ಲ.”

ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದರು. “ಹಾಗಾದ್ರೆ ನಮ್ಮಿಬ್ಬರಿಗೂ ಒಂದೊಂದು ಕಥೆ ಹೇಳಿದಾನೆ,” ಅಂದರು. “ಆದರೆ ಸಹಿ ಮಾಡಿ ಆಯ್ತಲ್ಲ.”

ಶುಕ್ರವಾರ ಮೇಲಿನ ಮಹಡಿಯಲ್ಲಿ ಸಭೆ; ಮೇಜಿನ ಮೇಲಿದ್ದುದು ಗ್ರಾಫಪ್ಪ ತಾನೇ ಬರೆದ ವರದಿ. ದೊಡ್ಡ ಮೇಡಂ ಕನ್ನಡಕ ತೆಗೆದರು, ಯಾರದು ಎಂದು ಕೇಳಿದರು, ಗ್ರಾಫಪ್ಪ ವಿಷಾದದ ಮುಖ ಮಾಡಿ ಮೇಷ್ಟ್ರತ್ತ ನೋಡಿದ. ಮೇಡಂ ಅಕ್ಕನ ಕಡೆ ತಿರುಗಿದರು.

“ನೀವು ಹೇಳಿದ್ರಂತಲ್ಲ, ತೆಗೀರಿ ಅಂತ?”

ರಾತ್ರಿಯೆಲ್ಲ ಅವಳು ಉತ್ತರ ಕಟ್ಟಿಕೊಂಡಿದ್ದಳು: ಇಲ್ಲ ಮೇಡಂ, ನಾನು ಓದಲೇ ಇಲ್ಲ. ನಾಲಗೆಯ ತುದಿಯಲ್ಲೇ ಇತ್ತು. ಅದರ ಹಿಂದೆಯೇ ಶಿಶುವಿಹಾರದ ಗೇಟು ಬಂತು, ದಿಂಬಿನ ಪಕ್ಕದ ಫೋನು ಬಂತು, ಮನೆ ಬಾಡಿಗೆ ಬಂತು. ಮೇಷ್ಟ್ರು ಮೇಜನ್ನು ನೋಡುತ್ತಿದ್ದರು.

“ಹೇಳಿದ್ದೆ,” ಅಂದಳು.

ಮುಗಿಯಿತು. ಮೇಡಂ ಕನ್ನಡಕ ಹಾಕಿಕೊಂಡು ಮುಂದಿನ ಹಾಳೆ ತಿರುವಿದರು. ಒಂದು ಗಂಟೆಯ ನಿಯಮದ ಮಾತನ್ನು ಯಾರೂ ಎತ್ತಲಿಲ್ಲ.

ಇಳಿಯುವಾಗ ಮೆಟ್ಟಿಲಲ್ಲಿ ಅವಳು ಮೇಷ್ಟ್ರ ಮುಖ ನೋಡಲಾರದೆ ಹಿಂದೆ ಉಳಿದಳು. ಅವರೇ ನಿಂತು ಕಾದರು.

“ಒಳ್ಳೇದೇ ಆಯ್ತು ಬಿಡಮ್ಮ. ನೀನು ಇಲ್ಲ ಅಂದಿದ್ರೆ ಬರೆದುಕೊಟ್ಟ ನಾನು ಸುಳ್ಳುಗಾರ ಆಗ್ತಿದ್ದೆ.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅದು ವ್ಯಂಗ್ಯವೋ ನಿಜವೋ ಎಂದು ಹುಡುಕಿದಳು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಬರೀ ದಣಿವಿತ್ತು.

ಮುಂದಿನ ವಾರ ಮೇಷ್ಟ್ರು ತಮ್ಮ ಕೆಲಸವನ್ನು ಹೊಸ ಲೀಡಿಗೆ, ಅಂದರೆ ಅಕ್ಕನಿಗೆ, ಒಪ್ಪಿಸಬೇಕಿತ್ತು. ಮೂರು ಮಧ್ಯಾಹ್ನ ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಕೂತರು. ಮೂರು ವರ್ಷ ಅವರ ಕೋಡಿಗೆ ಟಿಕ್ ಹಾಕಿದ್ದವಳು ಈಗ ಮೊದಲ ಸಲ ಅದನ್ನು ಸಾಲು ಸಾಲಾಗಿ ಓದಿದಳು. ಚೊಕ್ಕವಾಗಿತ್ತು. ಕಷ್ಟದ ಜಾಗದಲ್ಲೆಲ್ಲ, ಇದು ಹೀಗೇಕೆ ಎಂದು ಮುಂದೆ ಓದುವವರಿಗಾಗಿ ಎರಡೆರಡು ಸಾಲು ಬರೆದಿಟ್ಟಿದ್ದರು. ಕೆಲವು ಕಡೆ ಪ್ರಶ್ನೆಗಳೂ ಇದ್ದವು: ‘ಇದು ಸರಿಯೇ? ಓದಿದವರು ಹೇಳಬೇಕು.’ ಯಾವುದಕ್ಕೂ ಯಾರೂ ಉತ್ತರ ಬರೆದಿರಲಿಲ್ಲ.

“ಇದು ಅರ್ಥ ಆಯ್ತಾ?” ಎಂದು ಪ್ರತಿ ಪುಟಕ್ಕೂ ಅವರು ತರಗತಿಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದರು.

“ಆಯ್ತು ಮೇಷ್ಟ್ರೇ.”

“ಆಗದೆ ಆಯ್ತು ಅನ್ಬೇಡ. ನಾಳಿದ್ದಿಂದ ನಾನಿರಲ್ಲ.”

ಅವಳು ಒಂದು ಪುಟ ಹಿಂದಕ್ಕೆ ಹೋಗಿ, “ಹಾಗಾದ್ರೆ ಇದನ್ನ ಇನ್ನೊಂದು ಸಲ ಹೇಳಿ,” ಅಂದಳು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಮೊದಲಿನಿಂದ ಶುರುಮಾಡಿದರು.